ಬೆಣೆ ಹೊಡೆಯದ ಕಂಬ

ಬಡಗಿ ಮಿಸ್ತ್ರಿಯವರ ಬಲಗಿವಿಗೆ ಸದಾ ಸುಣ್ಣ ಮೆತ್ತಿರುತ್ತಿತ್ತು. ಯಾರ ಮನೆಗೆ ಹೋದರೂ ಮೊದಲು ಗೋಡೆಗೆ, ಕಂಬಕ್ಕೆ, ಬಾಗಿಲ ಚೌಕಟ್ಟಿಗೆ ಕಿವಿ ಹಚ್ಚಿ, ಉಳಿಯ ಹಿಡಿಯಿಂದ ಮೆಲ್ಲಗೆ ಬಡಿದು ಕೇಳುವುದು ಅವರ ಪದ್ಧತಿ. ಯಜಮಾನರು ಕೂಡ್ರಿ ಎಂದರೂ ಆ ಕಡೆ ಲಕ್ಷ್ಯವಿಲ್ಲ. ಕೇಳಿ ಮುಗಿದ ಮೇಲೆ ಮದರಂಗಿ ಹಚ್ಚಿದ ಗಡ್ಡ ಕೆರೆದುಕೊಂಡು ಆ ವಸ್ತುವಿನ ಆಯುಷ್ಯ ಹೇಳುತ್ತಿದ್ದರು.

ಬಾವಿಯ ಹಗ್ಗಕ್ಕೆ ಒಂದು ಬೇಸಿಗೆ. ಹಿತ್ತಾಳೆ ಪಾತ್ರೆಯ ಕಲಾಯಿಗೆ ಆರು ತಿಂಗಳು, ಸೊಸೆ ಸಿಟ್ಟಿನಿಂದ ತಿಕ್ಕುವವಳಾದರೆ ಮೂರು. ಬೇವಿನ ಬಾಗಿಲಿಗೆ ಒಂದು ತಲೆಮಾರು. ಮುಂಬಯಿಯಿಂದ ಹೊಸದಾಗಿ ಬರುತ್ತಿದ್ದ ಪಂಪಿನ ಸ್ಟೋವಿಗೆ ಮಾತ್ರ ಅವರು ಆಯುಷ್ಯ ಹೇಳುತ್ತಿರಲಿಲ್ಲ, ಮುಖ ತಿರುಗಿಸುತ್ತಿದ್ದರು. ಹುಬ್ಬಳ್ಳಿಯ ಮನೆಮಾಲಕರ ಬಗ್ಗೆಯೂ ಅವರಿಗೆ ಅಷ್ಟೇ ತಾತ್ಸಾರ. ಗೆದ್ದಲು ಹಿಡಿದ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದ ನಮ್ಮ ಎದುರುಮನೆಯವರನ್ನು ಓಣಿಯವರೆಲ್ಲರ ಮುಂದೆ ಕೇಳಿದ್ದರು: "ಬಣ್ಣ ನೋಡಿ ಗೆದ್ದಲ ಅಂಜತಾವೇನ್ರಿ?"

ಮೂವತ್ತರ ದಶಕದ ಮಾತು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ, ಅಂದರೆ ತೊಲೆಗಳ ಮೇಲೆ ಮಣ್ಣು ಹಾಸಿದ ಚಾವಣಿಯ ಮನೆ. ಅಪ್ಪ ಹತ್ತಿ ವ್ಯಾಪಾರಿ. ಮಳೆಗಾಲಕ್ಕೆ ಮುಂಚೆ ಸುಳ್ಳ ಎಂಬ ಹಳ್ಳಿಯ ಕಡೆಯಿಂದ ಚಕ್ಕಡಿಯಲ್ಲಿ ಮಣ್ಣು ತರಿಸಿ ಮಾಳಿಗೆಗೆ ಹಾಕಿ ತುಳಿಸುವುದು ವರ್ಷದ ಕೆಲಸ. ಹಳೆಯದನ್ನು ಕೆರೆದು ತೆಗೆದು ಹೊಸದು ಹಾಕಬೇಕು. ನಮ್ಮ ಮನೆಯಲ್ಲಿ ತೆಗೆಯುತ್ತಲೇ ಇರಲಿಲ್ಲ. ಅಜ್ಜನ ಮಣ್ಣಿನ ಮೇಲೆ ಅಪ್ಪನ ಮಣ್ಣು. ಮಾಳಿಗೆ ದಪ್ಪವಾದಷ್ಟೂ ಮನೆತನ ದೊಡ್ಡದೆಂಬ ಹುಚ್ಚು ನಮ್ಮದು. ಪಡಸಾಲೆ ಎಷ್ಟು ತಂಪು ನೋಡಿ ಎಂದು ಬಂದವರಿಗೆಲ್ಲ ಅಪ್ಪ ತೋರಿಸುತ್ತಿದ್ದರು. ಮಾಳಿಗೆ ಸೋರುವುದನ್ನು ಮಾತ್ರ ತೋರಿಸುತ್ತಿರಲಿಲ್ಲ.

ಸೋರುವುದು ಹೆಚ್ಚಾದ ವರ್ಷ ಮಿಸ್ತ್ರಿಯನ್ನು ಕರೆಸಿದರು. ಅವರು ಏಣಿ ಹತ್ತಿ ಪಡಸಾಲೆಯ ನಡುತೊಲೆಗೆ ಕಿವಿ ಹಚ್ಚಿ ಬಹಳ ಹೊತ್ತು ಬಡಿದು ಕೇಳಿದರು.

"ಸಾವ್ಕಾರ್ರ, ಈ ತೊಲಿ ಆಯುಷ್ಯ ಮುಗದೈತಿ. ಇನ್ನೂ ನಿಂತೈತಿ ಅಂದ್ರ, ಅದು ನಿಮ್ಮ ಮರ್ಯಾದಿಗೆ ನಿಂತೈತಿ."

ನಾನಾಗ ಧಾರವಾಡದ ಮಾಳಮಡ್ಡಿಯಲ್ಲಿ ಕೋಣೆ ಹಿಡಿದು ಕಾಲೇಜು ಓದುತ್ತಿದ್ದ ಪಂಡಿತ, ರಜೆಗೆ ಬಂದಿದ್ದೆ. ಸಾಗವಾನಿ ತೊಲೆ ನೂರು ವರ್ಷ ಬಾಳುತ್ತದೆಂದು ಪುಸ್ತಕದಲ್ಲಿದೆ ಎಂದು ನಕ್ಕೆ. ಮಿಸ್ತ್ರಿ ಏಣಿಯ ಮೇಲಿಂದಲೇ ನನ್ನನ್ನು ನೋಡಿದರು.

"ಪುಸ್ತಕದ ಮ್ಯಾಲೆ ಯಾರೂ ಮಣ್ಣ ಹೇರಿರೂದಿಲ್ಲ, ಸಣ್ಣ ಸಾವ್ಕಾರ್ರ."

ಅಪ್ಪ ಅವರನ್ನು ಸಾಗಹಾಕುತ್ತಿದ್ದರೇನೋ. ಆದರೆ ಆ ತೊಲೆಯ ಕೆಳಗೇ ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ ಮಂಚ. ಮದುವೆಯಾಗಿ ಬಂದಾಗಿನಿಂದ ಅದೇ ಜಾಗ, ಬಿಡುವವಳಲ್ಲ. ಮಿಸ್ತ್ರಿ ಹೇಳಿದಂತೆ ಮಾಡದಿದ್ದರೆ ಊಟ ಬಿಡುತ್ತೇನೆಂದಳು. ಅರ್ಧ ಮನಸ್ಸಿನಿಂದ ಅಪ್ಪ ಒಪ್ಪಿದರು. ಮಳೆ ಮುಗಿದ ಮೇಲೆ ಮಣ್ಣು ಇಳಿಸಿ ತೊಲೆ ಬದಲಿಸುವುದು, ಅಲ್ಲಿಯವರೆಗೆ ಒಂದು ಆಸರೆಯ ಕಂಬ ಎಂದಾಯಿತು. ಮಿಸ್ತ್ರಿ ಮಂಚದ ಪಕ್ಕ ಕಂಬ ನಿಲ್ಲಿಸಿ, ಅದರ ತಲೆಗೂ ತೊಲೆಗೂ ನಡುವೆ ಒಂದು ಬೆಣೆ ಇಟ್ಟು ಬಿಗಿಯಾಗಿ ಹೊಡೆದರು. ಭಾರವೆಲ್ಲ ಈಗ ಈ ಬೆಣೆಯ ಮೇಲೆ, ಯಾರೂ ಮುಟ್ಟಬಾರದು ಎಂದು ನನ್ನನ್ನೇ ನೋಡಿ ಹೇಳಿದರು. ಆಯಿಗೆ ನಿಶ್ಚಿಂತೆಯಿಂದ ಮಲಗಿರೆಂದರು.

ವಾರದೊಳಗೆ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವುದಾಯಿತು. ಮನೆಯ ನಡುವೆ ಆಸರೆಯ ಕಂಬ ಕಂಡರೆ ಬೀಳುವ ಮನೆಯೆಂದು ತಿಳಿದಾರು ಎಂದು ಅಪ್ಪನಿಗೆ ಚಿಂತೆ. ಎರಡು ತಾಸಿನ ಮಟ್ಟಿಗೆ ತೆಗೆ ಎಂದರು. ನಾನು ಖುಷಿಯಿಂದಲೇ ಬೆಣೆ ಸಡಿಲಿಸಿ ಕಂಬ ತೆಗೆದು ಹಿತ್ತಲಲ್ಲಿ ಒರಗಿಸಿದೆ. ತೊಲೆ ಬೀಳಲಿಲ್ಲ. ಬಂದವರು ಅವಲಕ್ಕಿ ತಿಂದು, ಪಡಸಾಲೆಯ ತಂಪನ್ನು ಹೊಗಳಿ ಹೋದರು. ಮಿಸ್ತ್ರಿಯ ಮಾತು ಸುಳ್ಳಾಯಿತೆಂದು ನನಗೆ ಒಳಗೊಳಗೇ ಸಂತೋಷ. ಆಯಿ ಗೊಣಗಿದ್ದಕ್ಕೆ ಸಂಜೆ ಕಂಬವನ್ನು ತಂದು ಮೊದಲಿದ್ದ ಜಾಗದಲ್ಲಿ ನಿಲ್ಲಿಸಿದೆ. ಬೆಣೆ ಹೊಡೆಯಲಿಲ್ಲ, ಅದರ ತಲೆಗೂ ತೊಲೆಗೂ ನಡುವೆ ಸಂದು ಹಾಗೇ ಉಳಿಯಿತು. ಏಣಿ ತರಬೇಕು, ಸುತ್ತಿಗೆ ಹುಡುಕಬೇಕು, ಯಾರಿಗೆ ಬೇಕು? ಆ ಬೆಣೆ ನನ್ನ ಮೇಜಿನ ಮೇಲೆ, ಕಾಗದ ಹಾರದಂತೆ ಇಟ್ಟುಕೊಳ್ಳಲು ಚೆನ್ನಾಗಿತ್ತು.

ಅದಾದ ಹನ್ನೆರಡನೆಯ ದಿನ ಮಧ್ಯಾಹ್ನ, ಜಡಿಮಳೆಯಲ್ಲಿ ತೊಲೆ ಮುರಿಯಿತು. ಎರಡು ತಲೆಮಾರಿನ ಮಣ್ಣು ಆಯಿಯ ಮಂಚದ ಮೇಲೆ ಬಿತ್ತು. ಕಂಬವನ್ನು ನಂಬಿ ಅವಳು ಅಲ್ಲೇ ಮಲಗಿದ್ದಳು. ಜೀವ ಉಳಿಯಿತು, ಸೊಂಟ ಹೋಯಿತು. ಆಮೇಲೆ ಅವಳು ಎದ್ದು ನಡೆಯಲೇ ಇಲ್ಲ.

ಸುದ್ದಿ ಕೇಳಿ ಮಿಸ್ತ್ರಿ ಓಡಿ ಬಂದರು. ಎಲ್ಲರ ಜೊತೆ ಮಣ್ಣು ಬಗೆದು ಆಯಿಯನ್ನು ಎತ್ತಿದರು. ಆಮೇಲೆ ಕೆಸರಿನಲ್ಲಿ ಬಿದ್ದಿದ್ದ ಕಂಬವನ್ನು ಹೊರಳಿಸಿ ಅದರ ತಲೆಯ ಮೇಲೆ ಹೆಬ್ಬೆರಳು ಆಡಿಸಿದರು.

"ಬೆಣಿ ಎಲ್ಲೈತ್ರಿ?" ಎಂದು ನನ್ನನ್ನು ಕೇಳಿದರು.

ಗೊತ್ತಿಲ್ಲ ಎಂದೆ. ಅವರು ಪಂಪಿನ ಸ್ಟೋವನ್ನು ನೋಡುವಂತೆ ನನ್ನನ್ನು ನೋಡಿ, ಮುಖ ತಿರುಗಿಸಿ ಹೊರಟುಹೋದರು.

ಮಿಸ್ತ್ರಿಯ ಕಂಬ ಕೈಕೊಟ್ಟಿತು ಎಂದು ಅಪ್ಪ ಓಣಿಯ ತುಂಬ ಹೇಳಿದರು. ದೊಡ್ಡವರ ಮಾತು, ಯಾರು ಇಲ್ಲವೆನ್ನುತ್ತಾರೆ? ವರ್ಷ ಕಳೆಯುವುದರೊಳಗೆ ತೊಲೆ, ಮಾಳಿಗೆಯ ಕೆಲಸಕ್ಕೆ ಅವರನ್ನು ಕರೆಯುವವರೇ ಇಲ್ಲವಾದರು. ಊರಿನಲ್ಲಿ ಅವರಷ್ಟು ಮರ ಬಲ್ಲವರಿರಲಿಲ್ಲ. ಅಂಥವರು ಮಂಚದ ಕಾಲು ಕೂಡಿಸುತ್ತ, ತೊಟ್ಟಿಲು ರಿಪೇರಿ ಮಾಡುತ್ತ ಕೂತರು. ನಾನು ವಕೀಲನಾದೆ. ಊರವರ ಸತ್ಯಕ್ಕಾಗಿ ಕೋರ್ಟಿನಲ್ಲಿ ಗಂಟಲು ಹರಿದುಕೊಂಡೆ. ನನ್ನಷ್ಟು ಹೇಸಿ ಮನುಷ್ಯನನ್ನು ನಾನು ಆ ಕೋರ್ಟಿನಲ್ಲೂ ಕಾಣಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಒಂದು ದಿನ ಧೈರ್ಯ ಮಾಡಿ ಮಿಸ್ತ್ರಿಯ ಮನೆಗೆ ಹೋದೆ. ಹಾಸಿಗೆ ಹಿಡಿದಿದ್ದರು. ಎಲ್ಲ ಹೇಳಿ ಅತ್ತುಬಿಟ್ಟೆ. ಅವರ ಕಣ್ಣಲ್ಲಿ ಕರುಣೆಯೇನೂ ಕಾಣಲಿಲ್ಲ.

"ನನಗ ಗೊತ್ತಿದ್ದದ್ದನ್ನ ನನಗ ಹೇಳಾಕ ಬಂದೀರೇನ್ರಿ? ಓಣ್ಯಾಗ ನಿಂತು ಹೇಳ್ರಿ."

ಹೇಳುತ್ತೇನೆಂದು ಬಂದೆ. ಓಣಿಯಲ್ಲಿ ಎಲ್ಲರೂ ನಮಸ್ಕಾರ ಮಾಡುತ್ತಿದ್ದರು. ನಾಳೆ, ನಾಡಿದ್ದು ಎನ್ನುವಷ್ಟರಲ್ಲಿ ಅವರು ತೀರಿಕೊಂಡರು. ಅವರ ಮಣ್ಣಿಗೆ ಹೋದಾಗ ನನ್ನ ಮುಂದೆ ಇಬ್ಬರು ಮಾತಾಡಿಕೊಳ್ಳುತ್ತ ನಡೆದಿದ್ದರು. ಮನುಷ್ಯ ಛಲೋ ಇದ್ದ, ಆದರೆ ಸಾವ್ಕಾರರ ಮನೆಯಲ್ಲಿ ಅವನ ಕಂಬ ಕೈಕೊಟ್ಟಿತು ಎಂದರು. ನಾನು ಎರಡು ಹೆಜ್ಜೆ ಹಿಂದಿದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಆ ಇಬ್ಬರೂ ಈಗಿಲ್ಲ. ಆ ಕಾಲದವರು ಓಣಿಯಲ್ಲಿ ಯಾರೂ ಉಳಿದಿಲ್ಲ. ಬರೆದಾದರೂ ಹೇಳುತ್ತೇನೆ: ಮಿಸ್ತ್ರಿಯ ಕಂಬ ಕೈಕೊಡಲಿಲ್ಲ. ಬೆಣೆ ತೆಗೆದವನು ನಾನು.