ಖಾತ್ರಿ ಎಂದು ಬರೆದವನು ನಾನೇ

ಆ ದಿನ ನಾನು ಬರೆದದ್ದು 'ಖಾತ್ರಿ' ಎಂದೇ. ಶೋಭಾ ಸರಿಯಾಗಿ ಓದಿದ್ದಳು. ಬಾಗೇವಾಡಿಯ ಸಭೆಯಲ್ಲಿ ನಾನು ತೋರಿಸಿದ ನೋಟ್‌ಬುಕ್ ಸುಳ್ಳು — ಅದನ್ನು ಸಭೆಗೆ ಒಂದು ವಾರ ಮೊದಲು, ನನ್ನ ಮನೆಯ ಮೇಜಿನ ಮೇಲಿಟ್ಟುಕೊಂಡು, ನಾನೇ ಹೊಸದಾಗಿ ಬರೆದೆ.

ಇಷ್ಟನ್ನು ಮೊದಲೇ ಹೇಳಿಬಿಡಬೇಕು. ಹಿಂದಿನಿಂದ ಶುರುಮಾಡಿದರೆ ಎಲ್ಲೋ ಒಂದು ಕಡೆ ದಾರಿ ತಪ್ಪಿಸಿ ಪಾರಾಗುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ನಾಲ್ಕು ವರ್ಷವಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಕಡೆಯ ಛಾಯಾಗ್ರಾಹಕ ಗೆಳೆಯರೇ, ಈ ನಾಲ್ಕು ವರ್ಷವೂ ನೀವು ನನ್ನನ್ನು 'ಸರ್' ಎಂದಿರಿ, ಸಭೆಯಲ್ಲಿ ಮುಂದಿನ ಕುರ್ಚಿ ಕೊಟ್ಟಿರಿ. ನಾನು ಕುಳಿತೆ.

ನಮ್ಮ ಗುಂಪಿನವರಲ್ಲದವರಿಗೂ ತಿಳಿಯಲೆಂದು ನನ್ನ ವಿಷಯ ಸ್ವಲ್ಪ ಹೇಳುತ್ತೇನೆ. ನನಗೀಗ ಎಪ್ಪತ್ತೊಂದು. ಹದಿನೈದು ವರ್ಷ ಸೈನ್ಯದಲ್ಲಿದ್ದೆ, ಅಲ್ಲಿ ಫೋಟೊ ವಿಭಾಗದಲ್ಲಿ ಕೆಲಸ. ಪ್ರತಿ ನೆಗೆಟಿವ್‌ಗೆ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೆ ಒಂದು ಸಹಿ. ಊರಿಗೆ ಬಂದು ಸಿಂದಗಿಯಲ್ಲಿ ಸ್ಟುಡಿಯೊ ಇಟ್ಟೆ. ಮೊಣಕಾಲು ಕೈಕೊಟ್ಟ ಮೇಲೆ ಸ್ಟುಡಿಯೊ ಮುಚ್ಚಿದೆ, ದಿನಚರಿ ಬಿಡಲಿಲ್ಲ. ಐದಕ್ಕೆ ಏಳುವುದು, ಐದೂವರೆಯಿಂದ ಮೊಬೈಲಿನಲ್ಲಿ ದೇಶವಿದೇಶದ ಕ್ಯಾಮೆರಾ ಸುದ್ದಿ ಓದುವುದು, ಏಳಕ್ಕೆ ಸರಿಯಾಗಿ ನಮ್ಮ ಗುಂಪಿಗೆ ಕಳಿಸುವುದು. ಯಾವ ಕಂಪನಿ ಯಾವ ಹೊಸ ಕ್ಯಾಮೆರಾ ಬಾಡಿ ತರಲಿದೆ, ಯಾವ ಲೆನ್ಸಿನ ಚಿತ್ರ ಹೊರಬಿದ್ದಿದೆ, ಯಾವುದು ಮುಂದಕ್ಕೆ ಹೋಯಿತು — ಹತ್ತು ಸಾಲು, ಹೆಚ್ಚಿಲ್ಲ. ಗುಂಪಿನಲ್ಲಿ ನಲವತ್ತು ಚಿಲ್ಲರೆ ಜನ. ಎಲ್ಲರೂ ಮದುವೆ, ಬಸುರಿಯರ ಕುಬಸದ ಫೋಟೊ ತೆಗೆದು ಬದುಕುವವರು.

ಇಂಥ ಸುದ್ದಿ ಅವರಿಗೆ ಚಟವಲ್ಲ, ಬದುಕು. ಹೊಸ ಮಾದರಿ ಪ್ರಕಟವಾದ ದಿನ ಹಳೆಯದನ್ನು ಕೇಳುವವರಿರುವುದಿಲ್ಲ. ಹಾಗಾಗಿ ಹೊಸದು ಬರುವ ಮೊದಲೇ ಹಳೆಯದನ್ನು ಮಾರಿ, ಕೈ ಖಾಲಿ ಮಾಡಿಕೊಂಡು ಕಾಯುವುದು ನಮ್ಮ ಪದ್ಧತಿ. ನಡುವೆ ಒಂದೆರಡು ಮದುವೆ ಬಂದರೆ ಯಾರೋ ಒಬ್ಬರು ತಮ್ಮ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಡುತ್ತಾರೆ. ಇಂಡಿಯಲ್ಲಿ ಹತ್ತಿದ್ದು ದೇವರ ಹಿಪ್ಪರಗಿಯಲ್ಲಿ ಇಳಿಯುತ್ತದೆ. ಇದುವರೆಗೆ ಒಂದೂ ಕಳೆದಿಲ್ಲ.

ಆದ್ದರಿಂದ ನಾನು ಪ್ರತಿ ಸುದ್ದಿಯ ಮುಂದೆ ಒಂದು ಗುರುತು ಹಾಕುತ್ತಿದ್ದೆ: ವದಂತಿ, ಅಂದಾಜು, ಖಾತ್ರಿ. ಕಂಪನಿಯ ಪ್ರಕಟಣೆಯೋ ಮಾರಾಟಗಾರರಿಗೆ ಬಂದ ಕಾಗದವೋ ಕಣ್ಣಿಗೆ ಬಿದ್ದ ಹೊರತು ಖಾತ್ರಿ ಇಲ್ಲ. ನಾನೇ ಮಾಡಿದ ನಿಯಮ, ನಾನೇ ಕಲಿಸಿದ ಪಾಠ — "ಖಾತ್ರಿ ಅಂದ ಮ್ಯಾಲೆ ತಡಾ ಮಾಡಬ್ಯಾಡ್ರಿ, ಅದಕ್ಕೂ ಮೊದಲ ಅವಸರ ಮಾಡಬ್ಯಾಡ್ರಿ." ಮೊಬೈಲ್ ತುಂಬಬಾರದೆಂದು ಗುಂಪಿನ ಸಂದೇಶಗಳು ಏಳು ದಿನಕ್ಕೆ ತಾವೇ ಅಳಿಯುವಂತೆ ಮಾಡಿದ್ದೆ. ಆದರೆ ಕಳಿಸಿದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಕೈಯಾರೆ ಬರೆದಿಡುತ್ತಿದ್ದೆ. ಗುರುತನ್ನು ಕೆಂಪು ಶಾಯಿಯಲ್ಲಿ. ಏನಾದರೂ ವಾದ ಬಂದರೆ, "ಸರ್ ಬುಕ್ ನೋಡ್ರಿ" ಎಂದರೆ ಮುಗಿಯಿತು. ಬೇರೆ ಸಾಕ್ಷಿ ಬೇಕಿರಲಿಲ್ಲ.

ಮುದ್ದೇಬಿಹಾಳದ ಶೋಭಾ ತನ್ನ ತಂದೆಯ ಸ್ಟುಡಿಯೊ ನಡೆಸುವವಳು. ತಂದೆ ನನಗೆ ಗೆಳೆಯನಾಗಿದ್ದ. ಮದುವೆ ಮನೆಯಲ್ಲಿ ಸುರಗಿಯ ಹೊತ್ತಿಗೆ — ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವ ಹೊತ್ತಿಗೆ — ಹೆಂಗಸರು ಸುತ್ತ ತುಂಬಿರುತ್ತಾರೆ. ಅಲ್ಲಿ ಗಂಡಸು ಕ್ಯಾಮೆರಾ ಹಿಡಿದು ನುಗ್ಗಿದರೆ ಎಲ್ಲರ ಮುಖ ಬಿಗಿಯುತ್ತದೆ. ಶೋಭಾ ಹೋದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಆಕೆ ಒಂದು ಚಿತ್ರ ತೆಗೆದ ಮೇಲೆ ಹಿಂಬದಿಯ ಪರದೆ ನೋಡಿಕೊಳ್ಳುತ್ತಿರಲಿಲ್ಲ. ತೆಗೆದಳು ಎಂದರೆ ಬಂತು. ಆ ಕಣ್ಣು ನನಗೆ ಇರಲಿಲ್ಲ. ಇದ್ದ ಮಾತು ಹೇಳುತ್ತೇನೆ.

ಆ ವರ್ಷ ಒಂದು ಹೊಸ ಕ್ಯಾಮೆರಾದ ಸುದ್ದಿ ಎಲ್ಲೆಡೆ ಹಬ್ಬಿತ್ತು. ಕತ್ತಲೆ ಕೋಣೆಯಲ್ಲೂ ಚೆನ್ನಾಗಿ ಕಾಣುವ ಬಾಡಿ, ಜೊತೆಗೆ ಹಗುರಾದ ಒಂದು ದೂರದ ಲೆನ್ಸ್. ನಾನು ತಿಂಗಳಿಡೀ ಅದನ್ನು ವದಂತಿ ಎಂದೇ ಬರೆದೆ. ಇಂಡಿಯ ಈರಣ್ಣ — ಗುಂಪಿನ ಬಾಯಿ ಅವನು — ಒಂದು ದಿನ ಎಲ್ಲರೂ ಕೇಳುವಂತೆ ಗುಂಪಿಗೆ ದನಿಸಂದೇಶ ಕಳಿಸಿದ: "ನಮ್ಮ ಸರ್ ಸುದ್ದಿ ಹಳೇ ರೇಡಿಯೋ ಇದ್ದಂಗರೀಪಾ. ಮಳಿ ಬಂದು ಅಂಗಿ ತೋದ ಮ್ಯಾಲೆ 'ಇಂದು ಮಳೆ' ಅಂತಾರ!"

ಅದರ ಕೆಳಗೆ ಇಪ್ಪತ್ತು ಜನ ನಕ್ಕರು. ಬರೀ ನಗೆಯ ಮುಖಗಳು. ನಾನು ಎಣಿಸಿದೆ — ಎಣಿಸುವ ಅಭ್ಯಾಸ ನನಗೆ.

ಅದೇ ದಿನ ಹುಬ್ಬಳ್ಳಿಯ ಒಂದು ಕ್ಯಾಮೆರಾ ಅಂಗಡಿಯಲ್ಲಿದ್ದ ಪರಿಚಯದವರಿಗೆ ಫೋನ್ ಮಾಡಿದೆ. "ಬಸವ ಜಯಂತಿ ಒಳಗ ಬರತೈತಿ ಅಂತಾರ್ರಿ ಸರ. ಆದ್ರ ನಮಗಿನ್ನಾ ಕಾಗದ ಬಂದಿಲ್ಲ. ನನ್ನ ಹೆಸರ ಎಲ್ಲೂ ಹೇಳಬ್ಯಾಡ್ರಿ ಮತ್ತ" ಎಂದರು. ಕಾಗದ ಬಂದಿಲ್ಲ — ಸ್ಪಷ್ಟವಾಗಿ ಕೇಳಿಸಿತು. ನಿಯಮದ ಪ್ರಕಾರ ಅದು ವದಂತಿ, ಬಹಳವೆಂದರೆ ಅಂದಾಜು. ಮರುದಿನ ಏಳಕ್ಕೆ ಸರಿಯಾಗಿ ನಾನು ಬರೆದೆ: ಖಾತ್ರಿ. ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುವಾಗ ಕೈ ಒಂದು ಕ್ಷಣ ನಿಂತಿತು. ನಿಂತದ್ದು ನೆನಪಿದೆ. ಆದರೂ...

ಈರಣ್ಣ ಎರಡು ಕೈ ಜೋಡಿಸಿದ ಚಿತ್ರ ಕಳಿಸಿದ. ಅಂದು ಊಟ ರುಚಿಸಿತು.

ಉಳಿದವರು ಹಾಂ ಹೂಂ ಎನ್ನುತ್ತ ಚಹಾದ ಅಂಗಡಿಯಲ್ಲಿ ಚರ್ಚೆ ಮಾಡುತ್ತ ಉಳಿದರು. ಶೋಭಾ ಮಾತ್ರ ನಾನು ಕಲಿಸಿದಂತೆ ಮಾಡಿದಳು — ತಡ ಮಾಡಲಿಲ್ಲ. ಮೂರನೆಯ ದಿನಕ್ಕೆ ತನ್ನ ಕ್ಯಾಮೆರಾ ಮಾರಿದಳು. ಹೊಸ ಕ್ಯಾಮೆರಾಕ್ಕೆ ಹಳೆಯ ಲೆನ್ಸ್ ಕೂರುವುದಿಲ್ಲವೆಂದು ಎರಡು ಲೆನ್ಸನ್ನೂ ಕೊಟ್ಟಳು. ತಂದೆಯ ಕಾಲದಿಂದ ಬಂದದ್ದು ಅದರಲ್ಲಿ ಒಂದು.

ಕ್ಯಾಮೆರಾ ಬರಲಿಲ್ಲ. ಎರಡು ವಾರದ ಮೇಲೆ ಕಂಪನಿ ಅದನ್ನು ದಿನ ಹೇಳದೆ ಮುಂದಕ್ಕೆ ಹಾಕಿತು. 'ಮುಂದೂಡಿಕೆ' ಎಂದು ಒಂದೇ ಸಾಲು ಹಾಕಿದೆ. ಹಿಂದೆ ನಾನೇ ಖಾತ್ರಿ ಎಂದಿದ್ದೆ ಎಂಬುದನ್ನು ಬರೆಯಲಿಲ್ಲ. ಆ ಹೊತ್ತಿಗೆ ಆ ಸಂದೇಶ ಎಲ್ಲರ ಮೊಬೈಲಿನಿಂದಲೂ ಅಳಿದಿತ್ತು.

ಬಸವ ಜಯಂತಿಯ ಸುತ್ತಮುತ್ತ ನಮ್ಮ ಕಡೆ ಮದುವೆಗಳ ಸುಗ್ಗಿ. ಬಸ್ಸಿನಲ್ಲಿ ಕಳಿಸಲು ಯಾರ ಬಳಿಯೂ ಬಿಡುವಿನ ಕ್ಯಾಮೆರಾ ಇರಲಿಲ್ಲ. ಶೋಭಾ ತಾಳಿಕೋಟೆಯ ಒಬ್ಬರ ಮನೆಯ ಕಪಾಟಿನಲ್ಲಿದ್ದ ಹಳೆಯದೊಂದನ್ನು ತಂದು ದೇವರ ಹಿಪ್ಪರಗಿಯ ಮದುವೆಗೆ ಹೋದಳು. ಅಕ್ಷತೆ ಬೀಳುವ ಹೊತ್ತಿಗೆ ಅದರ ಶಟರ್ ಸಿಕ್ಕಿಕೊಂಡಿತು. ಅಕ್ಷತೆ ಎರಡನೆಯ ಸಲ ಬೀಳುವುದಿಲ್ಲವಲ್ಲ. ಹುಡುಗಿಯ ಸೋದರಮಾವ ಜನರ ನಡುವೆ ಕೂಗಾಡಿದರಂತೆ: "ಅಕ್ಷತಿ ಫೋಟೋನಽ ಇಲ್ಲಂದ್ರ ನೀ ಬಂದದ್ದರ ಯಾಕವಾ, ಹೋಳಿಗಿ ಉಣ್ಣಾಕೇನು?" ಮಾತು ಊರೂರಿಗೆ ಹೋಯಿತು. ಗೊತ್ತುಮಾಡಿದ್ದ ಉಳಿದ ಮದುವೆಗಳು ಒಂದೊಂದಾಗಿ ಕೈ ಬಿಟ್ಟವು.

ಆಮೇಲೆ ಆಕೆ ನನಗೆ ಫೋನ್ ಮಾಡಿದಳು. ಜಗಳಕ್ಕಲ್ಲ.

"ಸರ, ನೀವು ಖಾತ್ರಿ ಅಂತ ಹಾಕಿದ್ರಿ, ಅಲ್ರಿ? ಮನ್ಯಾಗ ಎಲ್ಲಾರೂ ನಾನಽ ಹುಚ್ಚಿ ಮಾಡಿದಂಗ ಮಾಡೀನಿ ಅನ್ನಾಕತ್ತಾರ. ನೀವೊಂದ ಮಾತು ಸಭಾದಾಗ ಹೇಳಿಬಿಡ್ರಿ. ಸಾಕು ನನಗ."

ಒಂದು ಮಾತು. ಹೌದು ಎಂಬ ಒಂದು ಮಾತು. ನಾನು ಹೇಳಿದ್ದು, "ಬುಕ್ ನೋಡಿ ಹೇಳ್ತೇನಿ."

ಫೋನಿಟ್ಟು ನೋಟ್‌ಬುಕ್ ತೆರೆದೆ. ನನ್ನದು ಒತ್ತಿ ಬರೆಯುವ ಕೈ. ಕೆಂಪು ಶಾಯಿ ಹಾಳೆಯೊಳಗೆ ಇಳಿದಿತ್ತು. ಕೆರೆದರೆ ಕಾಣುತ್ತದೆ, ಹಾಳೆ ಹರಿದರೆ ಹೊಲಿಗೆಯ ಆಚೆಗಿನ ಹಾಳೆ ಸಡಿಲಾಗುತ್ತದೆ. ಹಾಗಾಗಿ ಅಂಗಡಿಗೆ ಹೋಗಿ ಅಂಥದೇ ಇನ್ನೊಂದು ನೋಟ್‌ಬುಕ್ ತಂದೆ. ವರ್ಷದ ಮೊದಲ ದಿನದಿಂದ ಪ್ರತಿ ಸಾಲನ್ನೂ ಮತ್ತೆ ಬರೆದೆ — ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಐದು. ಮೂರು ದಿನ. ಆ ಸುಳ್ಳಿಗೂ ನಾನು ವೇಳಾಪಟ್ಟಿ ಹಾಕಿಕೊಂಡಿದ್ದೆ. ಒಂದೇ ಒಂದು ಗುರುತು ಬದಲಾಯಿಸಲು ನಾಲ್ಕು ತಿಂಗಳ ಸತ್ಯವನ್ನು ತಪ್ಪಿಲ್ಲದೆ ನಕಲು ಮಾಡಿದೆ.

ಹೆಂಡತಿ ಗೌರವ್ವ ಚಹಾ ತಂದಿಟ್ಟು ನಿಂತಳು. "ಏನ್ರಿ ಇದು, ಪರೀಕ್ಷಾಕ್ಕ ಕುಂತಾರ ಗತೆ ಬರ್ಯಾಕತ್ತೀರಿ?"

"ಹಾಳಿ ಹರದಾವು. ಫೇರ್ ಮಾಡಾಕತ್ತೇನಿ."

ಆಕೆ ಹಳೆಯ ನೋಟ್‌ಬುಕ್ ಎತ್ತಿ ತಿರುಗಿಸಿ ನೋಡಿದಳು. "ಎಲ್ಲಿ ಹರದಾವು, ಗಟ್ಟಿ ಅದಾವಲ್ಲ" ಎಂದಳು. ನಾನು ತಲೆ ಎತ್ತಲಿಲ್ಲ. ಆಕೆ ಒಳಗೆ ಹೋದ ಮೇಲೆ ಹೊಸ ಪುಸ್ತಕದ ಮೂಲೆಗಳನ್ನು ಬೆರಳಲ್ಲಿ ಮಡಚಿ ಮಡಚಿ ಹಳೆಯದು ಮಾಡಿದೆ. ಇದನ್ನು ಬರೆಯುವಾಗ ಬೆರಳಿಗೆ ನಾಚಿಕೆಯಾಗುತ್ತದೆ.

ಬಾಗೇವಾಡಿಯ ಸಭೆ ನಿಮಗೆ ನೆನಪಿರಬೇಕು. ಶೋಭಾ ಎದ್ದು ನಿಂತು, "ಸರ್ ಖಾತ್ರಿ ಅಂತ ಹಾಕಿದ್ರು, ಅದಕ್ಕ ನಾ ಕೊಟ್ಟೆ" ಎಂದಳು. ಕೆಲವರಿಗೆ ಹೌದೆನ್ನಿಸಿತ್ತು, ಈರಣ್ಣನೇ, "ನಾನೂ ನೋಡಿದಂಗಿತ್ತಪಾ" ಎಂದ. ಆಗ ನಾನು ನೋಟ್‌ಬುಕ್ ಮುಂದಿನ ಸಾಲಿಗೆ ಕೊಟ್ಟೆ. ಅದು ಕೈಯಿಂದ ಕೈಗೆ ಹೋಯಿತು. ವದಂತಿ. ಕೆಂಪು ಶಾಯಿಯಲ್ಲಿ, ನನ್ನ ದುಂಡು ಅಕ್ಷರದಲ್ಲಿ.

ಈರಣ್ಣ ನಗುತ್ತ ಅಂದ, "ಅಕ್ಕಾರ, ಮೊದಲ ಕಣ್ಣಿಗೊಂದು ಲೆನ್ಸ್ ಹಾಕಿಸ್ಕೋರಿ, ಕ್ಯಾಮೆರಾದ್ದು ಆಮ್ಯಾಲೆ ನೋಡೂಣು!"

ಎಲ್ಲರೂ ನಕ್ಕರು. ನಾನೂ — ಹೌದು, ನಾನೂ ಮುಗುಳ್ನಕ್ಕೆ.

ನೋಟ್‌ಬುಕ್ ಆಕೆಯ ಕೈಗೆ ಹೋಯಿತು. ಬಹಳ ಹೊತ್ತು ನೋಡಿದಳು. ಹಾಳೆಯ ಮೇಲೆ ಬೆರಳಾಡಿಸಿದಳು. ಆಮೇಲೆ ಹೇಳಿದಳು: "ಹಂಗಾರ ನಾನಽ ತಪ್ಪ ಓದೇನ್ರಿ, ಸರ." ಕುಳಿತುಬಿಟ್ಟಳು.

ಆಕೆ ಕೂಗಾಡಿದ್ದರೆ, ಪುಸ್ತಕ ಸುಳ್ಳು ಎಂದಿದ್ದರೆ, ನಾನು ಬಹುಶಃ... ಗೊತ್ತಿಲ್ಲ. ಆಗಲೂ ಒಪ್ಪಿಕೊಳ್ಳುತ್ತಿರಲಿಲ್ಲವೇನೋ. ಆಕೆ ನನ್ನನ್ನು ನಂಬಿ ತನ್ನ ಕಣ್ಣನ್ನು ಬಿಟ್ಟುಕೊಟ್ಟಳು. ನಾನು ತೆಗೆದುಕೊಂಡೆ.

ಕಳೆದ ಚಳಿಗಾಲ ಇಂಗಳೇಶ್ವರದಲ್ಲಿ ಒಂದು ಮದುವೆಗೆ ಹೋಗಿದ್ದೆ. ಶೋಭಾ ಅಲ್ಲಿದ್ದಳು. ಮುಖ್ಯ ಕೆಲಸ ಬೇರೆಯವರದು. ಈಕೆ ಅವರ ಕೈಕೆಳಗೆ ಹೆಂಗಸರ ಕಡೆಯ ಫೋಟೊ ತೆಗೆಯುತ್ತಿದ್ದಳು. ಬಾಗಿಲಾಚೆಯಿಂದ ನೋಡಿದೆ. ಒಂದು ಚಿತ್ರ ತೆಗೆದಳು, ಪರದೆ ನೋಡಿದಳು, ದೊಡ್ಡದು ಮಾಡಿ ನೋಡಿದಳು. ಮತ್ತೆ ಅದನ್ನೇ ತೆಗೆದಳು. ಆಮೇಲೆ ಪಕ್ಕದ ಮುದುಕಿಗೆ ಕ್ಯಾಮೆರಾ ಹಿಡಿದು, "ಆಯಿ, ಸರಿ ಬಂದೈತೇನ್ರಿ, ನೋಡ್ರಿ" ಎಂದು ಕೇಳಿದಳು.

ಮುದುಕಿ ಹೇಳಿತು, "ನಿನ್ನ ಕಸಬು ನನಗ ಕೇಳ್ತೀಯಲ್ಲವ್ವಾ, ನನಗ ಒಲಿ ಮುಂದಿನ ರೊಟ್ಟಿನಽ ಕಾಣೂದಿಲ್ಲ."

ಸುತ್ತಲಿನವರು ನಕ್ಕರು. ಶೋಭಾಳೂ ನಕ್ಕಳು. ಮತ್ತೆ ಪರದೆ ನೋಡಿದಳು.

ನಾನು ಊಟಕ್ಕೆ ಕೂರದೆ ಬಸ್ ಹತ್ತಿದೆ.

ಕಳೆದ ಭಾನುವಾರ ಎರಡೂ ನೋಟ್‌ಬುಕ್ ತೆಗೆದುಕೊಂಡು ಮುದ್ದೇಬಿಹಾಳಕ್ಕೆ ಹೋದೆ. ಹಳೆಯದನ್ನು ನಾನು ಸುಟ್ಟಿರಲಿಲ್ಲ. ಸತ್ಯದ ಮೇಲಿನ ಪ್ರೀತಿಯಿಂದಲ್ಲ — ಯಾವ ದಾಖಲೆಯನ್ನೂ ಎಸೆದು ಅಭ್ಯಾಸವಿರಲಿಲ್ಲ, ಅಷ್ಟೆ. ಆಕೆಯ ಸ್ಟುಡಿಯೊದ ಗಾಜಿನ ಮೇಜಿನ ಮೇಲೆ ಎರಡನ್ನೂ ತೆರೆದಿಟ್ಟೆ. ಹೇಳಬೇಕಾದ್ದನ್ನು ಹೇಳಿದೆ. ಐದು ನಿಮಿಷವೂ ಹಿಡಿಯಲಿಲ್ಲ. ನಾಲ್ಕು ವರ್ಷ ಹೊತ್ತದ್ದು ಐದು ನಿಮಿಷದ ಮಾತು.

ಆಕೆ ಅಳಲಿಲ್ಲ, ಬೈಯಲೂ ಇಲ್ಲ. ಹಳೆಯ ಪುಸ್ತಕದ ಕೆಂಪು ಅಕ್ಷರವನ್ನೇ ನೋಡುತ್ತ ಕೇಳಿದಳು:

"ಸರ, ಅವತ್ತಿಂದ ನಾ ದವಾಖಾನಿ ಚೀಟೀನೂ ಇನ್ನೊಬ್ಬರ ಕೈಲಿ ಓದಿಸ್ತೇನ್ರಿ. ಗೊತ್ತೇನು ನಿಮಗ?"

ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಲು ಹೋಗಿರಲಿಲ್ಲ. ಕೈ ಮುಗಿದು ಕ್ಷಮಿಸು ಎಂದೆ. ಆಕೆ ಪುಸ್ತಕಗಳನ್ನು ಮುಚ್ಚಿ ನನ್ನ ಕಡೆಗೆ ಸರಿಸಿದಳು.

"ನನಗ ಒಬ್ಬಾಕಿಗೆ ಹೇಳಿದ್ರ ಏನಾತ್ರಿ? ನಕ್ಕವರು ಅವರು. ಅವರ ಮುಂದ ಹೇಳ್ರಿ."

ಬರುವ ಸಭೆಯಲ್ಲಿ ಹೇಳುತ್ತೇನೆ, ನೀನೂ ಬಾ ಎಂದೆ.

"ನಾ ಯಾಕ ಬರ್ಲಿರಿ? ಅವತ್ತ ಬಂದಿದ್ನಲ್ಲ."

ಎರಡೂ ಪುಸ್ತಕ ಎತ್ತಿಕೊಂಡು ಊರಿಗೆ ಬಂದೆ, ಇದನ್ನು ಬರೆಯಲು ಕುಳಿತೆ. ಈರಣ್ಣಾ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನೀನು ನಕ್ಕದ್ದು ನಾನು ತೋರಿಸಿದ್ದಕ್ಕೆ. ಇದನ್ನು ಸಭೆಯಲ್ಲಿ ನಿಂತು ನಾನೇ ಓದುತ್ತೇನೆ, ಬೇರೆಯವರ ಕೈಗೆ ಕೊಡುವುದಿಲ್ಲ. ಓದಿದ ಮೇಲೆ ಎರಡೂ ಪುಸ್ತಕ ಸಾಲಿನಿಂದ ಸಾಲಿಗೆ ಹೋಗಲಿ. ಪ್ರತಿಯೊಬ್ಬರೂ ಆ ಪುಟ ತೆಗೆದು ನೋಡಿ. ನಾಳೆಯಿಂದ ಏಳು ಗಂಟೆಯ ಸುದ್ದಿ ನಾನು ಬರೆಯುವುದಿಲ್ಲ. ಆಮೇಲೆ ನಿಮ್ಮಲ್ಲಿ ಯಾರಾದರೂ ಮುದ್ದೇಬಿಹಾಳಕ್ಕೆ ಹೋಗಿ, ನೀವು ನಕ್ಕದ್ದು ತಪ್ಪಾಯಿತೆಂದು ಆಕೆಗೆ ಹೇಳಬೇಕು. ನನ್ನ ಬಾಯಿಂದ ಬಂದ ಮಾತನ್ನು ಆಕೆ ಇನ್ನು ನಂಬಬೇಕಾಗಿಲ್ಲ.