ಏಳು ಗಂಟೆಗೆ ಏರುವ ಗೆರೆ

ಪತ್ರಿಕೆಯ ಡೆಸ್ಕಿನಲ್ಲಿ ಹಲವು ವರ್ಷ ಕೂತಿದ್ದರಿಂದಲೋ ಏನೋ, ತೀರಾ ಅಚ್ಚುಕಟ್ಟಾದ ಅಂಕಿಗಳನ್ನು ಕಂಡರೆ ನನಗೆ ನಂಬಿಕೆ ಬರುವುದಿಲ್ಲ. ಡಬ್ಲಿನ್ನಿನ ಸ್ಯಾಂಟ್ರಿ ಬಡಾವಣೆಯಲ್ಲಿ ನಮ್ಮ ಮೇಲಿನ ಮಹಡಿಯಲ್ಲಿರುವ ಮೈಸೂರಿನ ಗೆಳೆಯ ಒಂದು ಭಾನುವಾರ ಲ್ಯಾಪ್‌ಟಾಪ್ ತಂದು ತೋರಿಸಿದ್ದೂ ಅಂಥದ್ದೇ. ಅವನ ಕಂಪನಿ ನಮ್ಮ ಕಡೆಯ ಸಣ್ಣ ರೈತರಿಗಾಗಿ ಒಂದು ಆ್ಯಪ್ ಮಾಡುತ್ತಿತ್ತು. ಹೊಲದಲ್ಲಿ ಚುಚ್ಚಿದ ಸೆನ್ಸರ್ ಮಣ್ಣಿನ ತೇವ ಅಳೆದು ಕಳಿಸುತ್ತದೆ; ನೀರು ಬಿಡಬೇಕೋ ಬೇಡವೋ ಎಂದು ರೈತರ ಫೋನಿಗೆ ಸಂದೇಶ ಹೋಗುತ್ತದೆ. ಮೊದಲ ಪ್ರಯೋಗ ಹುಣಸೂರಿನ ಬಳಿ, ಅವನ ಚಿಕ್ಕಮ್ಮನ ಟೊಮೆಟೊ ಹೊಲದಲ್ಲಿ.

"ನೋಡು, ಗ್ರ್ಯಾಂಡ್ ಆಗಿದೆ. ಒಂದು ವಾರದಿಂದ ಮಣ್ಣು ಒಣಗೇ ಇಲ್ಲ. ನೀರು ಬೇಡ ಅಂತ ದಿನಾ ಮೆಸೇಜ್ ಹೋಗ್ತಿದೆ," ಎಂದ.

ಪರದೆಯ ಮೇಲಿನ ಗೆರೆ ಪ್ರತಿದಿನ ಬೆಳಗ್ಗೆ ಏಳಕ್ಕೆ ಮೇಲೇರಿ, ಆಮೇಲೆ ಮೆಲ್ಲಗೆ ಇಳಿಯುತ್ತಿತ್ತು.

"ನೀರೇ ಬಿಡದ ಹೊಲದಲ್ಲಿ ತೇವ ಏರೋದು ಹೇಗೆ? ಮಳೆ ಬಂತಾ?"

"ಇಲ್ಲ. ಇಬ್ಬನಿ ಇರಬಹುದು."

"ಗಡಿಯಾರ ನೋಡ್ಕೊಂಡು ಬೀಳೋ ಇಬ್ಬನಿನಾ?"

"ನಿನಗೆ ಎಲ್ಲದರಲ್ಲೂ ಹುಳುಕೇ ಕಾಣೋದು," ಎಂದು ನಕ್ಕು, ಊರಿಗೆ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ.

"ಚಿಕ್ಕಮ್ಮ, ಆ ಸೆನ್ಸರ್ ಹೊಲದಲ್ಲೇ ಇದೆ ತಾನೆ?"

"ಆ ಕಡ್ಡೀನಾ? ಕಳೆ ತೆಗೆಯೋವಾಗ ಕಿತ್ತು ತುಳಸಿ ಕಟ್ಟೇಲಿ ಚುಚ್ಚಿದೀನಪ್ಪ. ಅಲ್ಲಾದ್ರೆ ಯಾರೂ ಕೈ ಹಾಕಲ್ಲ. ಕಟ್ಟೆಗೆ ತುಂಬಿರೋ ಮಣ್ಣೂ ಆ ಹೊಲದ್ದೇ ಅಲ್ವಾ?"

ಬೆಳಗ್ಗೆ ಸ್ನಾನ ಮುಗಿಸಿ ಆಕೆ ತುಳಸಿಗೆ ಒಂದು ಚೊಂಬು ನೀರು ಹಾಕುತ್ತಾರೆ. ಆ ಚೊಂಬು ನೀರೇ ಡಬ್ಲಿನ್‌ವರೆಗೆ ಬಂದು ಗೆರೆಯಾಗಿತ್ತು.

ಗೆಳೆಯ ಈ ಸಲ ನಗಲಿಲ್ಲ. "ಟೊಮೆಟೊ ಹೇಗಿದೆ?"

"ಎಲೆ ಬಾಡಿದೆ, ಹೂವೂ ಉದುರ್ತಿದೆ. ನಿಮ್ಮ ಚಿಕ್ಕಪ್ಪ ಮೋಟರ್ ಹಾಕೋಕೆ ಹೋದ್ರು, ನಾನೇ ತಡೆದೆ. ಓದಿರೋ ಹುಡುಗ ಬೇಡ ಅಂತಿದಾನೆ, ಸುಮ್ನಿರಿ ಅಂದೆ."

"ಈಗಲೇ ನೀರು ಬಿಡಿ, ಚಿಕ್ಕಮ್ಮ."

"ಈಗ ಕರೆಂಟ್ ಎಲ್ಲಿದೆ? ಬೆಳಗ್ಗೆ ಬರತ್ತೆ."

ಅರ್ಧ ಸಾಲುಗಳು ಚೇತರಿಸಿಕೊಂಡವು, ಇನ್ನರ್ಧವನ್ನು ಕಿತ್ತುಹಾಕಿದರು ಎಂದು ಕೆಲವು ದಿನಗಳ ನಂತರ ಅವನೇ ಹೇಳಿದ. ಆ ವಾರವನ್ನು ಕಂಪನಿಯ ವರದಿಯಲ್ಲಿ ಹೇಗೆ ಬರೆದೆ ಎಂದು ಕೇಳಿದೆ.

"ಸರಿ ಮಾಡ್ತೀನಿ," ಎಂದ.

ಆಮೇಲೆ ಎರಡು ಸಲ ಕೇಳಿದ್ದೇನೆ, ಉತ್ತರ ಬದಲಾಗಿಲ್ಲ. ನೀರು ಉಳಿಸಿದ ವಾರವೆಂದೇ ಅದು ದಾಖಲಾಗಿದೆ ಎಂಬುದು ನನ್ನ ಗುಮಾನಿ. ವರದಿಯನ್ನು ಅವನು ಇನ್ನೂ ತೋರಿಸಿಲ್ಲ.