ಹಿಮಾಲಯಕ್ಕೆ ಹೊದಿಸಿದ ಮುಂಡು

ಪ್ರತಿ ತಿಂಗಳ ಮೊದಲ ಶನಿವಾರ ಬೆಳಿಗ್ಗೆ ಎಂಟಕ್ಕೆ ಟ್ರಂಕು ತೆರೆದು ಬಟ್ಟೆಗಳಿಗೆ ಗಾಳಿಯಾಡಿಸುತ್ತೇನೆ. ಊಟಿಯ ತೇವಕ್ಕೆ ಅಷ್ಟು ಶಿಸ್ತು ಬೇಕು. ಎಂಟೂವರೆಗೆ ಮುಚ್ಚಳ ಹಾಕಿಬಿಡುತ್ತೇನೆ. ನಗಬೇಡಿ, ನಿವೃತ್ತಳಾಗಿ ಆರು ವರ್ಷವಾದರೂ ನನ್ನೊಳಗಿನ ಶಾಲೆಯ ಗಂಟೆ ನಿಂತಿಲ್ಲ. ತಳದಲ್ಲೊಂದು ಬಿಳಿ ಮುಂಡು ಇದೆ. ಅದನ್ನು ಬಿಚ್ಚದೆ ಎತ್ತಿ, ಬಿಚ್ಚದೆ ಇಡುವುದು ನನ್ನ ರೂಢಿ. ಇಂದು ಅದು ಕೈಜಾರಿ, ನುಸಿಗುಳಿಗೆಯ ವಾಸನೆಯ ಸಮೇತ ನೆಲದ ಮೇಲೆ ಹರಡಿಕೊಂಡಿತು.

ಮುಂಡು ಎಂದರೆ ಇಲ್ಲಿನ ಬಡಗರ ಹೆಂಗಸರು ಹಬ್ಬಕ್ಕೂ ಸಾವಿಗೂ ಹೆಗಲ ಸುತ್ತ ಹೊದೆಯುವ ಬಟ್ಟೆ. ನಾನು ಬಡಗರವಳಲ್ಲ. ನನ್ನ ತಾತ ಗುಂಡ್ಲುಪೇಟೆ ಕಡೆಯಿಂದ ರಾಗಿ ಮೂಟೆ ಹೇರಿಕೊಂಡು ಘಟ್ಟ ಹತ್ತಿದವರು. ಮನೆಯಲ್ಲಿ ಕನ್ನಡ, ಮಾರ್ಕೆಟ್ಟಿನಲ್ಲಿ ತಮಿಳು, ತರಗತಿಯಲ್ಲಿ ಇಂಗ್ಲಿಷು. ಯಾವುದೂ ಇನ್ನೊಂದರ ಮೇಲೆ ಚೆಲ್ಲದಂತೆ ಬದುಕಿದ್ದೇನೆಂದು ಹೆಮ್ಮೆಪಡುತ್ತಿದ್ದೆ.

ಈ ಮುಂಡು ಮಾದಿಯಜ್ಜಿಯದು. ತೊಂಬತ್ತರ ದಶಕದಲ್ಲಿ ಕೋತಗಿರಿ ಬಳಿಯ ಶಾಲೆಯೊಂದರಲ್ಲಿ ನಾನಿದ್ದಾಗ ಅವಳ ಮೊಮ್ಮಗಳು ಸುಮತಿ ನನ್ನ ಆರನೇ ತರಗತಿಯಲ್ಲಿದ್ದಳು. ಕೂಕಲ್ತೊರೈ ಕಡೆಯ ಹಟ್ಟಿ ಅವರದು. ಹುಡುಗಿಗೆ ಅಪ್ಪ ಅಮ್ಮ ಇರಲಿಲ್ಲ. ಅಜ್ಜಿಯೇ ಟೀ ಎಲೆ ಕಿತ್ತು ಸಾಕುತ್ತಿದ್ದಳು. ಒಮ್ಮೆ ನಾನು ಉದಾರವಾಗಿ, "ನಿಮ್ಮ ಮಾತೂ ನಮ್ಮ ಕನ್ನಡವೇ ಅಜ್ಜೀ" ಎಂದೆ.

"ಹಂಗಾದರೆ ನಿಮ್ಮ ಕನ್ನಡವೂ ಎಂಗ ಮಾತೇ ಅನ್ನಿ, ಟೀಚರಮ್ಮಾ" ಎಂದಳು. ಎಂಗ ಎಂದರೆ ನಮ್ಮ; ಹಾಗೆ ಅನ್ನಲು ನನಗೆ ಬಾಯಿ ಬರಲಿಲ್ಲ.

ಆ ವರ್ಷದ ಗಣರಾಜ್ಯೋತ್ಸವಕ್ಕೆ 'ನಾವೆಲ್ಲ ಒಂದೇ' ಎಂಬ ದೃಶ್ಯ ಮಾಡಿಸುವ ಹೊಣೆ ನನ್ನದಾಯಿತು. ರಾಜ್ಯಕ್ಕೊಂದು ಮಗು, ಮಗುವಿಗೊಂದು ವೇಷ. ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಬರೆದೆ. ಕರ್ನಾಟಕವನ್ನು ಮುಂದಿನ ಸಾಲಿನ ನಡುವೆ ನಿಲ್ಲಿಸಿದ್ದು ಆಕಸ್ಮಿಕವೆಂದು ಆಗ ನಂಬಿದ್ದೆ.

"ಟೀಚರ್, ಎಂಗದು ಯಾವ ಸ್ಟೇಟು?" ಎಂದು ಸುಮತಿ ಕೇಳಿದಳು.

"ನೀನು ರಾಜಸ್ಥಾನ. ಸಾಲಿನಲ್ಲಿ ನಿಲ್ಲು."

ಮರುದಿನ ಮಾದಿಯಜ್ಜಿ ಬಂದಳು, ಕಂಕುಳಲ್ಲಿ ಮಡಿಸಿದ ಹೊಸ ಮುಂಡು. "ಎಲ್ಲಾ ಊರ ಬಟ್ಟೆಯೂ ಉಂಟಂತೆ. ಎಂಗದೂ ಒಂದು ಇರಲಿ. ಅವಳಿಗೆಂದೇ ತೆಗೆದಿಟ್ಟದ್ದು; ಒಂದು ಸಲ ಹೊದ್ದು ನಿಂತದ್ದು ನಾನು ಕಾಣಬೇಕು" ಎಂದಳು. ಪಟ್ಟಿ ತುಂಬಿದೆ ಎನ್ನುವುದು ಒರಟಾದೀತೆಂದು, "ನೋಡೋಣ" ಎಂದು ತೆಗೆದುಕೊಂಡೆ. ಮೇಷ್ಟರ ಬಾಯಿಯ 'ನೋಡೋಣ'ದ ಅರ್ಥ ನಿಮಗೆ ಗೊತ್ತು.

ಗಣರಾಜ್ಯದ ದಿನ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ. ಬೆಂಚುಗಳನ್ನು ಪೇರಿಸಿ ಕಾಗದ ಹೊದಿಸಿ ಮಾಡಿದ್ದ ನನ್ನ ಹಿಮಾಲಯ ನೆನೆದು ಮುದ್ದೆಯಾಗಿತ್ತು. ಕಾರ್ಯಕ್ರಮಕ್ಕೆ ಹತ್ತು ನಿಮಿಷ. ನನಗೆ ತಡವಾಗುವುದೆಂದರೆ ಪಾಪ ಮಾಡಿದ ಹಾಗೆ. ಬೀರುವಿನಲ್ಲಿದ್ದ ಮುಂಡು ನೆನಪಾಯಿತು. ತಂದು ಬೆಂಚುಗಳ ಮೇಲೆ ಹೊದಿಸಿದೆ. ಎಂಥ ಹಿಮ! ಸೈನಿಕನ ವೇಷದ ಹುಡುಗ ಬೂಟುಗಾಲಲ್ಲಿ ಹತ್ತಿ ಬಾವುಟ ನೆಟ್ಟ. "ಹಿಮಾಲಯ ರೊಂಬ ಜೋರ್!" ಎಂದು ಅತಿಥಿಗಳು ಚಪ್ಪಾಳೆ ತಟ್ಟಿದರು. ಅದರ ಕೆಳಗೆ ಕನ್ನಡಿ ಚೂರಿನ ಲಂಗ ತೊಟ್ಟ ಸುಮತಿ ಬೂಟನ್ನೇ ನೋಡುತ್ತಿದ್ದಳು. ಮುಂದಿನ ಸಾಲಿನಲ್ಲಿ ಅಜ್ಜಿಯೂ ಅದನ್ನೇ ನೋಡುತ್ತಿದ್ದಳು.

ಮುಗಿದ ಮೇಲೆ ಅಜ್ಜಿ ಬಳಿಗೆ ಬಂದಳು. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ಬೆಟ್ಟಕ್ಕೆ ಬಲು ಚಳಿಯಾ, ಟೀಚರಮ್ಮಾ?"

"ಒಗೆದು, ಇಸ್ತ್ರಿ ಮಾಡಿ ನಾನೇ ತಂದುಕೊಡುತ್ತೇನೆ ಅಜ್ಜೀ" ಎಂದೆ.

ಒಗೆದೆ, ನೀಲಿ ಹಾಕಿದೆ, ನಿಂಬೆ ತಿಕ್ಕಿದೆ. ಬೂಟಿನ ಕಲೆ ಹೋಗಲಿಲ್ಲ. ಕಲೆ ಇರುವುದನ್ನು ಹೇಗೆ ಕೊಡುವುದು? ಒಂದು ನೋಟ್‌ಬುಕ್ಕಿಗೆ ಶಾಯಿ ಚೆಲ್ಲಿದರೂ ವಾಪಸು ಕಳಿಸುವವಳು ನಾನು. ಮುಂದಿನ ಸೋಮವಾರ, ಅದರ ಮುಂದಿನ ಸೋಮವಾರ ಎನ್ನುತ್ತಿರುವಾಗಲೇ ಜೂನ್ ಬಂತು, ಮಾದಿಯಜ್ಜಿ ಹೋದಳು.

ಹೂಮಾಲೆ ಹಿಡಿದು ಹಟ್ಟಿಗೆ ಹೋದೆ. ಮಂಚದ ಸುತ್ತ ಹೆಂಗಸರು ಕೂತು ಅಳುತ್ತಿದ್ದರು, ಎಲ್ಲರ ಹೆಗಲಲ್ಲೂ ಬಿಳಿ ಮುಂಡು. ನಡುವೆ ಸುಮತಿಯೊಬ್ಬಳೇ ಶಾಲೆಯ ನೀಲಿ ಯೂನಿಫಾರ್ಮಿನಲ್ಲಿದ್ದಳು. ಯಾರೋ ತಮ್ಮ ಮುಂಡು ಹೊದಿಸಲು ಬಂದರು, ಅವಳು ಕೊಡವಿಕೊಂಡಳು. ನನ್ನನ್ನು ಕಂಡು ಎದ್ದು ಬಂದು, ಮೊದಲು ನನ್ನ ಕೈ ನೋಡಿದಳು.

"ಟೀಚರ್ ತಂದೇ ತರ್ತಾರೆ ಅಂತ ಹೆತ್ತೆ ನನಗೆ ಬೇರೆ ಮುಂಡು ತೆಗೀಲೇ ಇಲ್ಲ" ಎಂದಳು. ಹೆತ್ತೆ ಎಂದರೆ ಅಜ್ಜಿ. ನನ್ನ ಕೈಯಲ್ಲಿ ಇದ್ದದ್ದು ಹೂಮಾಲೆ ಮಾತ್ರ.

ಆ ವರ್ಷವೇ ಅವಳು ಶಾಲೆ ಬಿಟ್ಟಳು. ಈಗ ಅದೇ ಹಟ್ಟಿಯ ಬಳಿಯ ಟೀ ಫ್ಯಾಕ್ಟರಿಯಲ್ಲಿ ಎಲೆ ತೂಗುತ್ತಾಳಂತೆ. ನನಗೆ ಗೊತ್ತಿತ್ತು, ಬಸ್ಸೂ ಇತ್ತು. ಎಲ್ಲರೂ ಒಂದೇ ಎಂದು ಮಕ್ಕಳಿಗೆ ಪಾಠ ಹೇಳಿದ ನನಗೆ, ಒಬ್ಬಳ ಮುಂದೆ ಕಲೆಯ ಬಟ್ಟೆ ಹಿಡಿದು ನಿಲ್ಲುವ ಧೈರ್ಯ ಬರಲಿಲ್ಲ.

ಗಡಿಯಾರ ಒಂಬತ್ತು ಹೊಡೆಯಿತು. ಟ್ರಂಕು ತೆರೆದೇ ಇದೆ, ಸೀರೆಗಳು ಕುರ್ಚಿಯ ಮೇಲಿವೆ. ಒಂಬತ್ತೂವರೆಗೆ ಕೋತಗಿರಿ ಬಸ್ಸು. ಇಷ್ಟು ವರ್ಷ ಅದನ್ನು ಕಲೆ ಒಳಗಾಗುವಂತೆ ಮಡಿಸಿಟ್ಟಿದ್ದೆ. ಇಂದು ಕಲೆ ಹೊರಗೆ ಕಾಣುವಂತೆ ಮಡಿಸಿ, ಚೀಲಕ್ಕೆ ಹಾಕದೆ ಕೈಯಲ್ಲೇ ಹಿಡಿದುಕೊಂಡಿದ್ದೇನೆ.